ಕೆಂಪಿಯ ಹಾಲಿನಲ್ಲಿ ನಾನು ಕಂಡುಹಿಡಿದ ನೀರು

ಜಯನಗರದ ನಾಲ್ಕನೇ ಬ್ಲಾಕಿಗೆ ವಿಜ್ಞಾನವನ್ನು ತಂದವಳು ನಾನು! ಇದನ್ನು ಜಂಬ ಅಂದುಕೊಳ್ಳಬೇಡಿ. ಅಂದುಕೊಂಡರೂ ಪರವಾಗಿಲ್ಲ, ಜಂಬವೇ! ಅದಕ್ಕೆ ಮುಂಚೆ ಅಲ್ಲಿ ಏನಿತ್ತು ಹೇಳಿ? ಕೆಂಪು ಮಣ್ಣಿನ ರಸ್ತೆಗಳು, ಸುಣ್ಣ ಇನ್ನೂ ಒಣಗದ ಮನೆಗಳು, ಮೊಳದುದ್ದದ ಗಿಡಗಳು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ಒಂದು ಬಸ್ಸು. ಇಂಥ ಬಯಲಿನಲ್ಲಿ, ಬಿ.ಎಸ್ಸಿ. ಎರಡನೆಯ ವರ್ಷದ ಕಾತ್ಯಾಯಿನಿ ಎಂಬ ನಾನು ಒಂದೇ ಒಂದು ಗಾಜಿನ ಕಡ್ಡಿ ಹಿಡಿದು ಜ್ಞಾನದ ದೀಪ ಹಚ್ಚಿದೆ. ದೀಪವೇನೋ ಚೆನ್ನಾಗಿಯೇ ಹತ್ತಿಕೊಂಡಿತು. ಹಚ್ಚಿದವಳ ಕೈ ಸುಟ್ಟಿತು, ಅಷ್ಟೆ.

ಶುರುವಾದದ್ದು ಕಾಲೇಜಿನಲ್ಲಿ. 1961ನೇ ಇಸವಿ. ರಷ್ಯದವರು ಮನುಷ್ಯನನ್ನು ಆಕಾಶಕ್ಕೆ ಎಸೆದು ಮತ್ತೆ ಜೋಪಾನವಾಗಿ ಇಳಿಸಿಕೊಂಡ ವರ್ಷ. ನಮ್ಮ ಕೆಮಿಸ್ಟ್ರಿ ಲೆಕ್ಚರರ್ ಗೌರೀಶಂಕರ ಅವರು ಅಂದಿನಿಂದ ಭೂಮಿಗೆ ಇಳಿದೇ ಇರಲಿಲ್ಲ. ಡಿಸೆಂಬರಿನ ಒಂದು ದಿನ ಸೈನ್ಸ್ ಅಸೋಸಿಯೇಷನ್ನಿನ ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳಿದರು:

“ಅಲ್ಲಿ ಒಬ್ಬ ಭೂಮೀನೇ ಸುತ್ತಿ ಬಂದ. ಇಲ್ಲಿ ನಮ್ಮ ಬೀದೀಲಿ ಬೆಕ್ಕು ಅಡ್ಡ ಬಂತು ಅಂತ ಜನ ಅರ್ಧ ದಾರಿಯಿಂದ ವಾಪಸ್ ಬರ್ತಾರೆ! ಸೈನ್ಸ್ ಏನು ಲ್ಯಾಬೊರೇಟರಿ ಬೀರುವಿನಲ್ಲಿ ಮುಚ್ಚಿಡೋ ಉಪ್ಪಿನಕಾಯಿನಾ? ಒಬ್ಬೊಬ್ರೂ ನಿಮ್ಮ ನಿಮ್ಮ ಬೀದೀಲಿ ಒಂದೊಂದು ಪ್ರಯೋಗ ಮಾಡಿ ತೋರಿಸಿ. ಜನಕ್ಕೆ ಸೈನ್ಸ್ ಮೇಲೆ ನಂಬಿಕೆ ಬರ್ಬೇಕು. ಚೆನ್ನಾಗಿರೋ ರಿಪೋರ್ಟನ್ನ ವಾರ್ಷಿಕೋತ್ಸವದಲ್ಲಿ ಓದಿಸ್ತೀನಿ.”

ವಾರ್ಷಿಕೋತ್ಸವ! ವೇದಿಕೆ! ಮೈಕು! ನನ್ನ ಕಿವಿಯಲ್ಲಿ ಆಗಲೇ ಚಪ್ಪಾಳೆ ಶುರುವಾಯಿತು. ಪಕ್ಕದಲ್ಲಿ ನನ್ನ ಗೆಳತಿ ಅಲಮೇಲು ಕೂತಿದ್ದಳು.

“ನೀನೇನು ಮಾಡ್ತೀಯೇ ಅಲಮೇಲು?”

“ಲಿಟ್ಮಸ್ ಪೇಪರ್ ತಗೊಂಡು ಹೋಗಿ ಹುಣಿಸೇಹಣ್ಣು ಹುಳಿ ಅಂತ ತೋರಿಸ್ತೀನಿ.”

“ಹುಣಿಸೇಹಣ್ಣು ಹುಳಿ ಅಂತ ಹೇಳೋಕೆ ಬಿ.ಎಸ್ಸಿ. ಓದ್ಬೇಕಾ?”

“ಮತ್ತೆ ನೀನೇನು ಚಂದ್ರಲೋಕಕ್ಕೆ ಹೋಗ್ತೀಯಾ?”

“ಇಲ್ಲ. ಹಾಲಿಗೆ ಹೋಗ್ತೀನಿ!” ಅಂದೆ.

ಹಾಲಿಗೇ ಏಕೆ ಹೋದೆನೆಂದರೆ, ನಮ್ಮ ಬೀದಿಯಲ್ಲಿ ಬೆಳಗಾದರೆ ನಡೆಯುವ ಒಂದು ಶಾಸ್ತ್ರವಿತ್ತು. ಜರಗನಹಳ್ಳಿಯಿಂದ ಮುನಿಲಕ್ಷ್ಮಮ್ಮ ತನ್ನ ಹಸು ಕೆಂಪಿಯನ್ನೂ ಅದರ ಕರುವನ್ನೂ ಹೊಡೆದುಕೊಂಡು ಬರುತ್ತಿದ್ದಳು. ಮನೆ ಮುಂದೆ ಹಸು ನಿಲ್ಲಿಸಿ, ಖಾಲಿ ಚೊಂಬನ್ನು ಮಗುಚಿ, ತಳ ಬಡಿದು, “ನೋಡ್ಕೊಳ್ರವ್ವಾ, ಒಂದು ಹನಿ ಇಲ್ಲ” ಅನ್ನುತ್ತಿದ್ದಳು. ಮನೆಯೊಡತಿ ಬಗ್ಗಿ ನೋಡಿ, ತಲೆಯಾಡಿಸಿದ ಮೇಲೆ, ಅವಳ ಕಣ್ಣೆದುರೇ ಹಾಲು ಕರೆದು ಕೊಡುತ್ತಿದ್ದಳು. ಹೀಗೆ ಎರಡು ಹಸು ಕಟ್ಟಿಕೊಂಡು ಹದಿನಾಲ್ಕು ಮನೆ. ಬೆಳಿಗ್ಗೆ ಕೆಂಪಿ, ಸಂಜೆ ಅದರ ತಂಗಿ. ಈ ಹದಿನಾಲ್ಕು ಮನೆಗಳೇ ಆಕೆಯ ಬದುಕು.

ಖಾಲಿ ಚೊಂಬಿನ ತಳ ಬಡಿದರೆ ಹಾಲು ಶುದ್ಧವೇ? ಇದು ನಂಬಿಕೆ, ವಿಜ್ಞಾನವಲ್ಲ! ನಾಲ್ಕನೇ ಬ್ಲಾಕಿನ ಕಣ್ಣು ತೆರೆಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ತೀರ್ಮಾನಿಸಿ, ಲ್ಯಾಬಿನ ಪುಸ್ತಕದಲ್ಲಿ ಸಹಿ ಹಾಕಿ ಲ್ಯಾಕ್ಟೋಮೀಟರ್ ತಂದೆ. ಕೆಳಗೆ ಗುಂಡು ಗಾಜಿನ ಬುರುಡೆ, ಮೇಲೆ ಸಣ್ಣ ಕತ್ತು, ಕತ್ತಿನ ಮೇಲೆ ಗೆರೆಗಳು. ಮೇಲಿನ ಗೆರೆಗೆ ‘ಡಬ್ಲ್ಯು’, ಅಂದರೆ ನೀರು. ಕೆಳಗಿನ ಗೆರೆಗೆ ‘ಎಂ’, ಅಂದರೆ ಹಾಲು. ಗಟ್ಟಿ ಹಾಲಿನಲ್ಲಿ ಕಡ್ಡಿ ಹೆಚ್ಚು ಮುಳುಗುವುದಿಲ್ಲ, ‘ಎಂ’ ಗೆರೆ ಮಟ್ಟಕ್ಕೆ ನಿಲ್ಲುತ್ತದೆ. ನೀರು ಬೆರೆತಷ್ಟೂ ಕಡ್ಡಿ ಮುಳುಗುತ್ತಾ ಹೋಗುತ್ತದೆ. ಎಷ್ಟು ಸುಲಭ! ಡಬ್ಬಿಯೊಳಗೆ ಸೊಳ್ಳೆಯ ಕಾಲಿನಂಥ ಅಕ್ಷರದ ಒಂದು ಇಂಗ್ಲಿಷ್ ಚೀಟಿಯೂ ಇತ್ತು. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಮ್ಮು. ಇಂಗ್ಲಿಷಿನಲ್ಲಿ ಇರುವುದೆಲ್ಲ ನನಗೆ ಗೊತ್ತಿರುವುದೇ ಎಂದು ಮಡಿಸಿ ಇಟ್ಟುಬಿಟ್ಟೆ.

ಗುರುವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಕರೆದುಕೊಟ್ಟ ಹಾಲನ್ನು, ಅದು ಒಲೆ ಸೇರುವ ಮುಂಚೆ, ನೊರೆನೊರೆಯಾಗಿ ಗಾಜಿನ ಜಾಡಿಗೆ ಸುರಿದು, ಲ್ಯಾಕ್ಟೋಮೀಟರನ್ನು ಬಿಟ್ಟೆ. ಅದು ಒಂದು ಸಲ ಕುಣಿಯಿತು, ಎರಡು ಸಲ ಕುಣಿಯಿತು. ಆಮೇಲೆ ‘ಎಂ’ ಗೆರೆಯನ್ನು ಹಾಲಿನೊಳಗೆ ಎಳೆದುಕೊಂಡು ಸದ್ದಿಲ್ಲದೆ ನಿಂತಿತು.

“ಅಮ್ಮಾ! ನೀರು!”

“ಕೊಡದಲ್ಲಿದೆ, ಬಗ್ಗಿಸ್ಕೋ,” ಅಂದಳು ಅಡುಗೆಮನೆಯಿಂದ ಅಮ್ಮ ಸೀತಾಲಕ್ಷ್ಮಿ.

“ಕುಡಿಯೋಕಲ್ಲಮ್ಮಾ! ಹಾಲಲ್ಲಿ ನೀರು! ಐದು ಪಾಲು ಹಾಲಿಗೆ ಒಂದು ಪಾಲು ನೀರು!”

ಅಮ್ಮ ಸೌಟು ಹಿಡಿದು ಬಂದಳು. “ಹುಚ್ಚು ಹಿಡೀತಾ? ನನ್ನ ಕಣ್ಣೆದುರಿಗೇ ಕರೆದ್ಳಲ್ಲೇ. ಚೊಂಬು ನಾನೇ ನೋಡ್ದೆ.”

“ಕಣ್ಣು ಮೋಸ ಹೋಗುತ್ತೆ ಅಮ್ಮ. ಇನ್‌ಸ್ಟ್ರುಮೆಂಟ್ ಮೋಸ ಹೋಗಲ್ಲ!”

“ಹಾಗಾದ್ರೆ ಹಸೂನೇ ನೀರು ಬೆರೆಸಿ ಕೊಡುತ್ತಾ?”

ಈ ಪ್ರಶ್ನೆಯ ಮುಂದೆ ನಾನು ಅರ್ಧ ನಿಮಿಷ ನಿಲ್ಲಬಹುದಿತ್ತು. ನಿಂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಣ್ಣ ಮುಂದೆ ಮೈಕು ಇತ್ತು! ಕಾಲೇಜಿನಿಂದ ಬಂದವಳೇ ಜಾಡಿ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಹೊರಟೆ. ಮೊದಲು ಎದುರುಮನೆ ಮೀನಾಕ್ಷಮ್ಮನವರು. ಇವರಿಗೆ ಒಂದು ಮಾತು ಹೇಳಿದರೆ ಬಸವನಗುಡಿಯವರೆಗೂ ಅಂಚೆ ಬೇಕಾಗಿರಲಿಲ್ಲ.

“ನಂಗೆ ಮೊದ್ಲಿಂದ್ಲೂ ಅನುಮಾನ ಕಣೇ,” ಅಂದರು ಮೀನಾಕ್ಷಮ್ಮ. ಅನುಮಾನ ಬಂದು ಎರಡು ನಿಮಿಷ ಆಗಿತ್ತು. “ರವಿಕೆ ತೋಳಲ್ಲಿ ಬಟ್ಟೆ ನೆನೆಸಿ ಇಟ್ಕೊಂಡಿರ್ತಾಳೆ. ಕರೆಯೋವಾಗ ಮೊಣಕೈ ಮಡಿಸಿದ್ರೆ ಸುರ್ ಅಂತ ಇಳಿಯುತ್ತೆ!”

“ಛೇ, ಹಾಗಿರಲಾರದು...”

“ಮತ್ತೆ ನಿನ್ನ ಮಿಷಿನ್ನು ಸುಳ್ಳು ಹೇಳುತ್ತಾ?”

ನನ್ನ ಮಿಷಿನ್ನು ಸುಳ್ಳು ಹೇಳುವುದೇ! ಜಾಡಿ ಎತ್ತಿಕೊಂಡು ಹೊರಟೆ. ಮುಂದಿನ ಮನೆ ತಲುಪುವ ಹೊತ್ತಿಗೆ ನನಗಿಂತ ಮುಂಚೆ ನೆನೆಸಿದ ಬಟ್ಟೆ ತಲುಪಿತ್ತು. ಅದರ ಆಚೆ ಮನೆಯಲ್ಲಿ ಅದು ರಬ್ಬರ್ ಕೊಳವೆಯಾಗಿತ್ತು. ರಸ್ತೆಯ ಕೊನೆಯಲ್ಲಿ, ಹಸುವಿಗೆ ಉಪ್ಪು ತಿನ್ನಿಸಿ ಪುಟ್ಟೇನಹಳ್ಳಿ ಕೆರೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಸಿ ನೇರವಾಗಿ ಜಯನಗರಕ್ಕೆ ಓಡಿಸಿಕೊಂಡು ಬರುತ್ತಾಳೆ ಎಂಬಲ್ಲಿಗೆ ಬಂದು ನಿಂತಿತು! ಅಜ್ಞಾನ ಕಳೆಯಲು ಹೊರಟವಳು ಒಂದೇ ಸಂಜೆಯಲ್ಲಿ ಮೂರು ಹೊಸ ಅಜ್ಞಾನಗಳನ್ನು ಹಂಚಿ ಬಂದಿದ್ದೆ. ಆದರೆ ಅವತ್ತು ನನಗೆ ಕಂಡದ್ದು ಒಂದೇ: ಜನ ನನ್ನ ಮಾತು ಕೇಳುತ್ತಿದ್ದಾರೆ! ವಿಜ್ಞಾನದ ಮೇಲೆ ನಂಬಿಕೆ ಬಂದುಬಿಟ್ಟಿದೆ!

ಶುಕ್ರವಾರ ಆರು ಮನೆಯವರು ಮುನಿಲಕ್ಷ್ಮಮ್ಮನನ್ನು ಗೇಟಿನಿಂದಲೇ ಕಳಿಸಿದರು. ಶನಿವಾರ ಇನ್ನೂ ಮೂರು ಮನೆ. ಎಲ್ಲರೂ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಬರುವ ಬೇರೊಬ್ಬನ ಹತ್ತಿರ ಹಾಲು ಹಾಕಿಸಿಕೊಂಡರು. ಅವನು ಎಲ್ಲಿ ಕರೆಯುತ್ತಾನೆ, ಏನು ಬೆರೆಸುತ್ತಾನೆ ಯಾರೂ ಕಂಡವರಿಲ್ಲ. ಕಾಣದ್ದರ ಮೇಲೆ ಅನುಮಾನವೂ ಇಲ್ಲ!

ಶನಿವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ನಮ್ಮ ಗೇಟಿನ ಮುಂದೆ ನಿಂತಳು. ಐವತ್ತು ದಾಟಿದ ಹೆಂಗಸು, ಕಾಸಗಲ ಕುಂಕುಮ, ಸೆರಗು ಸೊಂಟಕ್ಕೆ. ಕರೆದ ಹಾಲು ಕೊಳ್ಳುವವರಿಲ್ಲದೆ ಚೊಂಬು ಕೈಯಲ್ಲಿ ತುಂಬಿಯೇ ಇತ್ತು.

“ಕಾತಮ್ಮಾರೇ, ನಾನು ನೀರು ಬೆರೆಸ್ತೀನಿ ಅಂತ ಹೇಳ್ಕೊಂಡು ತಿರುಗಿದ್ರಂತೆ?”

“ನಾನು ಹೇಳಿದ್ದಲ್ಲ. ಇದು ಹೇಳಿದ್ದು,” ಅಂತ ಲ್ಯಾಕ್ಟೋಮೀಟರ್ ತೋರಿಸಿದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದಕ್ಕೆ ಬಾಯಿ ಎಲ್ಲೈತೆ? ಬಾಯಿ ಇರೋದು ನಿಮಗೆ. ಒಂಬತ್ತು ಮನೆ ಬಿಡಿಸಿದ್ದು ಆ ಬಾಯಿ.”

ನನ್ನ ಮುಖ ಬಿಸಿಯಾಯಿತು. “ಹಾಗಾದ್ರೆ ನಾಳೆ ಭಾನುವಾರ ಎಲ್ಲರ ಮುಂದೆ ಪರೀಕ್ಷೆ ಮಾಡೋಣ. ನಮ್ಮ ಲೆಕ್ಚರರನ್ನೇ ಕರೆಸ್ತೀನಿ. ನಿನಗೆ ಧೈರ್ಯ ಇದ್ಯಾ?”

“ನಂಗಿರೋದೇ ಅದು. ಮಾಡಿ. ಆದ್ರೆ ಒಂದು ಮಾತು. ನಾನೇ ಸರಿ ಅಂತಾದ್ರೆ ಒಂಬತ್ತು ಮನೇನೂ ನೀವೇ ವಾಪಸ್ ತಂದುಕೊಡ್ಬೇಕು.”

“ಒಪ್ಪಿದೆ!” ಅಂದೆ. ಒಪ್ಪದೆ ಏನು? ಇನ್‌ಸ್ಟ್ರುಮೆಂಟ್ ನನ್ನ ಕಡೆ ಇತ್ತಲ್ಲ!

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮನೆ ಮುಂದೆ ಅರ್ಧ ನಾಲ್ಕನೇ ಬ್ಲಾಕು ಸೇರಿತ್ತು. ಒಂದು ಮೇಜು, ಅದರ ಮೇಲೆ ಅಮ್ಮನ ಕಸೂತಿ ಬಟ್ಟೆ, ಅದರ ಮೇಲೆ ಜಾಡಿ, ಜಾಡಿಯ ಪಕ್ಕ ನಾನು. ಗೌರೀಶಂಕರ ಅವರು ಸೈಕಲ್ ಏರಿ ಬಂದು ಕುರ್ಚಿಯಲ್ಲಿ ಕೂತರು. ಅಲಮೇಲು ನೋಟ್‌ಬುಕ್ಕು ಹಿಡಿದು ರಿಪೋರ್ಟು ಬರೆಯಲು ನಿಂತಳು. ನಮ್ಮಪ್ಪ ವೆಂಕಟಾಚಲ, ಕಚೇರಿಯಲ್ಲಿ ಹೆಡ್‌ಕ್ಲಾರ್ಕು, ಭಾನುವಾರದ ಎರಡನೇ ಕಾಫಿ ಲೋಟದ ಜೊತೆ ಜಗುಲಿಯ ಮೇಲೆ ಕೂತರು. ನಾನು ಒಂದು ಪುಟ್ಟ ಭಾಷಣವನ್ನೂ ಮಾಡಿದೆ. “ಮಹಿಳೆಯರೇ, ಮಹನೀಯರೇ, ಮೂಢನಂಬಿಕೆಯ ಕತ್ತಲೆಯಿಂದ...” ಅನ್ನುವಷ್ಟರಲ್ಲಿ ಕೆಂಪಿ ಸಗಣಿ ಹಾಕಿತು. ಭಾಷಣ ಅಲ್ಲಿಗೇ ನಿಂತಿತು.

“ಮುನಿಲಕ್ಷ್ಮಮ್ಮ, ಕರಿ,” ಅಂದೆ.

ಮುನಿಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕೈ ಕಟ್ಟಿಕೊಂಡಳು. “ನಾನು ಮುಟ್ಟಾಕಿಲ್ಲ. ನನ್ ತೋಳಲ್ಲಿ ಬಟ್ಟೆ ಐತಂತೆ, ಕೊಳವೆ ಐತಂತೆ. ನಾನು ಕರೆದ್ರೆ ನಾಳೆ ಇನ್ನೊಂದು ಅಂತೀರಿ. ನೀವೇ ಕರೀರಿ ಕಾತಮ್ಮಾರೇ.”

“ನಾನಾ?”

“ಹೂಂ. ನಿಮ್ ಕೈ, ನಿಮ್ ಚೊಂಬು, ನಿಮ್ ಕಡ್ಡಿ. ಹಸ ಒಂದು ನಂದು.”

“ಎಕ್ಸಲೆಂಟ್!” ಅಂತ ಗೌರೀಶಂಕರ ಕುರ್ಚಿಯಲ್ಲಿ ಮುಂದಕ್ಕೆ ಬಂದರು. “ಸರಿಯಾದ ಮಾತು! ಅನುಮಾನ ಇರೋದನ್ನ ಬದಲಾಯಿಸಿ ನೋಡ್ಬೇಕು. ಕಾತ್ಯಾಯಿನಿ, ಕರಿ.”

ಹೇಳುವುದು ಸುಲಭ! ನಾನು ಅಲ್ಲಿಯವರೆಗೆ ಹಸುವನ್ನು ಜುವಾಲಜಿ ಪುಸ್ತಕದಲ್ಲಿ ಮಾತ್ರ ಅಷ್ಟು ಹತ್ತಿರದಿಂದ ನೋಡಿದ್ದೆ. ಅದೂ ಉದ್ದಕ್ಕೆ ಸೀಳಿದ ಚಿತ್ರ. ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತೆ. ಕೆಂಪಿ ತಲೆ ತಿರುಗಿಸಿ, ನನ್ನನ್ನು ಕಾಲಿನಿಂದ ತಲೆವರೆಗೂ ನೋಡಿ, ಬಾಲದಿಂದ ನನ್ನ ಕನ್ನಡಕವನ್ನು ಬೀಳಿಸಿತು. ಎದ್ದು ಕನ್ನಡಕ ಹಾಕಿಕೊಂಡು ಮತ್ತೆ ಕೂತೆ. ಈ ಸಲ ಕಾಲೆತ್ತಿ ಚೊಂಬು ಉರುಳಿಸಿತು.

“ಗಂಟೆ ಬಾರಿಸೋ ಹಂಗೆ ಎಳೀಬೇಡಿ!” ಅಂತ ಮುನಿಲಕ್ಷ್ಮಮ್ಮ ಕೂಗಿದಳು. “ಮೇಲಿಂದ ಬೆರಳು ಒಂದೊಂದಾಗಿ ಮುಚ್ಕೊಂಡು ಬನ್ನಿ. ಹಂಗೆ... ಹಂಗಲ್ಲ... ಹಂಗೆ! ಹೂಂ, ಕೈ ಪರವಾಗಿಲ್ಲ ಕಣವ್ವಾ. ಓದು ಹತ್ತದಿದ್ರೆ ನಮ್ಮೂರಿಗೆ ಬಂದ್ಬಿಡಿ.”

ಬೀದಿ ಗೊಳ್ಳೆಂದಿತು. ಆದರೆ ಹಾಲು ಬಂತು! ದಾರದಷ್ಟು ಸಣ್ಣದಾಗಿ, ಪಕ್ಕಕ್ಕೆ ಅರ್ಧ, ನನ್ನ ಸೀರೆಗೆ ಕಾಲು, ಚೊಂಬಿಗೆ ಕಾಲು. ಹತ್ತು ನಿಮಿಷ ಬೆವರು ಸುರಿಸಿ ಜಾಡಿಗಾಗುವಷ್ಟು ಕರೆದು ಎದ್ದು ನಿಂತಾಗ ಎದೆ ಉಬ್ಬಿತ್ತು. ಹಾಲನ್ನು ಬಿಸಿಬಿಸಿಯಾಗಿಯೇ ಜಾಡಿಗೆ ಸುರಿದೆ. ಲ್ಯಾಕ್ಟೋಮೀಟರ್ ಬಿಟ್ಟೆ. ಎಲ್ಲರೂ ಬಗ್ಗಿದರು.

‘ಎಂ’ ಗೆರೆ ಮುಳುಗಿಹೋಯಿತು!

ನನ್ನ ಕೈ, ನನ್ನ ಚೊಂಬು. ಅಲಮೇಲು ಪೆನ್ಸಿಲ್ ಎತ್ತಿ ಸಣ್ಣ ದನಿಯಲ್ಲಿ ಕೇಳಿದಳು. “ಏನಂತ ಬರೀಲೇ? ಕಾತ್ಯಾಯಿನಿ ನೀರು ಬೆರೆಸಿದಳು ಅಂತಲಾ?”

ಮೀನಾಕ್ಷಮ್ಮನವರು ಬರೆಯುವುದಕ್ಕೂ ಕಾಯಲಿಲ್ಲ. ನೇರವಾಗಿ ಬಂದು ನನ್ನ ಎರಡು ತೋಳನ್ನೂ ಹಿಡಿದು, ರವಿಕೆಯ ಅಂಚನ್ನು ಹಿಂಡಿ ನೋಡಿದರು! “ಒದ್ದೆ ಇದೆ!” ಅಂತ ಕೂಗಿದರು.

“ಅದು ಬೆವರು!”

“ಹಾಲಿಗೆ ಬಿದ್ದದ್ದೂ ಅದೇನೋ!”

“ಹಾಗಾದ್ರೆ ಇವಳೂ ಆ ಕೆರೆ ನೀರು ಕುಡಿದು ಬಂದಿರ್ಬೇಕು,” ಅಂತ ಜಗುಲಿಯಿಂದ ನಮ್ಮಪ್ಪ. ಹೆತ್ತ ಅಪ್ಪ!

ನಾನು ಗೌರೀಶಂಕರ ಅವರ ಮುಖ ನೋಡಿದೆ. ಅವರು ಮೀಸೆಯಡಿ ನಗುತ್ತಾ ಸುಮ್ಮನೆ ಕೂತಿದ್ದರು. ಸಹಾಯ ಮಾಡುವ ಲಕ್ಷಣವೇ ಇರಲಿಲ್ಲ. ಸಹಾಯ ಬಂದದ್ದು ಹಸುವಿನ ಪಕ್ಕದಿಂದ.

“ಒಂದು ಗಳಿಗೆ ಬುಡಿ ಆ ಮಗೂನ,” ಅಂತ ಮುನಿಲಕ್ಷ್ಮಮ್ಮ ಮುಂದೆ ಬಂದಳು. ಜಾಡಿಯನ್ನು ಅಂಗೈಯಿಂದ ಮುಟ್ಟಿ ನೋಡಿದಳು. “ಹಾಲು ಇನ್ನೂ ಬಿಸಿ ಐತೆ. ಕಾತಮ್ಮಾರೇ, ನಂಗೆ ಕಡ್ಡಿ ಗೊತ್ತಿಲ್ಲ, ಹಾಲು ಗೊತ್ತು. ಕರೆದ ಕೂಡ್ಲೆ ಪಾವಿನ ಕಂಠದ ಮಟ್ಟಕ್ಕೆ ಅಳೆದಿಟ್ರೆ, ನೊರೆ ಇಳಿದು ತಣ್ಣಗಾದ ಮೇಲೆ ಅದೇ ಹಾಲು ಕಂಠದಿಂದ ಒಂದು ಗೆರೆ ಕೆಳಗಿರ್ತದೆ. ಯಾರೂ ಕುಡಿದಿಲ್ಲ, ಚೆಲ್ಲಿಲ್ಲ. ಎಲ್ಲೋಯ್ತು?”

ಎಲ್ಲರೂ ಜಾಡಿಯ ಕಡೆ ಬಗ್ಗಿದರು.

“ಎಲ್ಲೂ ಹೋಗಿಲ್ಲ. ಬಿಸೀಲಿ ದೂರ ದೂರ ಕೂತಿರ್ತದೆ, ತಣ್ಣಗಾದ್ರೆ ಒತ್ತೊತ್ತಾಗಿ ಕೂತ್ಕೊಂತದೆ. ಚಳೀಲಿ ಮಕ್ಳು ಮಲಗಲ್ವಾ, ಹಂಗೆ. ಒತ್ತಾಗಿ ಕೂತ್ರೆ ಗಟ್ಟಿ ಆಯ್ತು ತಾನೆ? ನಿಮ್ ಕಡ್ಡೀನ ಆಮೇಲೆ ಬುಟ್ಟು ನೋಡಿ.”

ಡೆನ್ಸಿಟಿ! ಅದೇ ತೂಕ, ಕಡಿಮೆ ಜಾಗ! ಒಂದು ವರ್ಷದಿಂದ ನಾನು ಬಾಯಿಪಾಠ ಮಾಡಿಕೊಂಡು ಪರೀಕ್ಷೆಯಲ್ಲಿ ಎಪ್ಪತ್ತೆರಡು ಮಾರ್ಕು ತೆಗೆದದ್ದನ್ನು ಜರಗನಹಳ್ಳಿಯ ಮುನಿಲಕ್ಷ್ಮಮ್ಮ ಪಾವಿನ ಕಂಠ ನೋಡಿ ಕಲಿತಿದ್ದಳು!

ಗೌರೀಶಂಕರ ಅವರು ಕುರ್ಚಿಯಿಂದ ನೆಗೆದೇಬಿಟ್ಟರು. “ಕಾತ್ಯಾಯಿನಿ! ಡಬ್ಬೀಲಿ ಒಂದು ಚೀಟಿ ಇತ್ತಲ್ಲ, ಓದಿದ್ಯಾ?”

“ಇಲ್ಲ ಸಾರ್.”

“ಯಾಕೆ?”

“ಇಂಗ್ಲಿಷಲ್ಲಿತ್ತು ಸಾರ್...”

“ನಿಂಗೆ ಇಂಗ್ಲಿಷ್ ಬರಲ್ವಾ?”

“ಬರುತ್ತೆ ಸಾರ್. ಅದಕ್ಕೇ ಓದ್ಲಿಲ್ಲ.”

ಚೀಟಿ ಬಿಡಿಸಿ ಅವರೇ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು: ಈ ಕಡ್ಡಿ ಸರಿಯಾಗಿ ಹೇಳುವುದು ಹಾಲು ತಣ್ಣಗೆ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಮಾತ್ರ, ಹಾಲು ಕರೆದ ತಕ್ಷಣ ಅಳೆಯಕೂಡದು. ಈಗ ಎಷ್ಟಿದೆ ನೋಡೋಣ ಅಂದರೆ ಲ್ಯಾಬಿನ ಥರ್ಮಾಮೀಟರ್ ತಂದಿರಲಿಲ್ಲ. ಮೀನಾಕ್ಷಮ್ಮನವರು ಓಡಿ ಹೋಗಿ ತಮ್ಮ ಮನೆಯ ಜ್ವರ ನೋಡುವ ಥರ್ಮಾಮೀಟರ್ ತಂದರು. ಅನುಮಾನ ಎಷ್ಟು ಬೇಗ ಬರುತ್ತಿತ್ತೋ ಉತ್ಸಾಹವೂ ಅವರಿಗೆ ಅಷ್ಟೇ ಬೇಗ. ಹಾಲಿಗೆ ಅದ್ದಿ, ಬಿಸಿಲಿಗೆ ಹಿಡಿದು, “ತೊಂಬತ್ತಾರು!” ಅಂತ ಘೋಷಿಸಿದರು. “ಪಾಪ, ಮೈ ಬೆಚ್ಚಗಿದೆ!”

ಅಮ್ಮ ಒಳಗಿನಿಂದ ಮಣ್ಣಿನ ಮಡಕೆಯ ತಣ್ಣೀರನ್ನು ಬೋಗುಣಿಗೆ ಬಗ್ಗಿಸಿ ತಂದಳು. ಜಾಡಿಯನ್ನು ಅದರಲ್ಲಿ ಇಟ್ಟೆವು. ಅರ್ಧ ಗಂಟೆ! ನೀವು ನಂಬುವುದಿಲ್ಲ, ಒಬ್ಬರೂ ಮನೆಗೆ ಹೋಗಲಿಲ್ಲ. ಕ್ರಿಕೆಟ್ ಸ್ಕೋರು ಕೇಳುವ ಹಾಗೆ ಜಗುಲಿ ಮೇಲೆ, ಕಾಂಪೌಂಡಿನ ಮೇಲೆ ಕೂತು ಕಾದರು. ಮಾತು ಮಾತ್ರ ಎಲ್ಲಾ ಕಡೆ. ತುಪ್ಪ ಚಳಿಗೆ ಯಾಕೆ ಗಟ್ಟಿಯಾಗುತ್ತೆ? ಕೊಬ್ಬರಿ ಎಣ್ಣೆ? ಸಾರು ತಣ್ಣಗಾದರೆ ಪಾತ್ರೆಯಲ್ಲಿ ಯಾಕೆ ಇಳಿಯುತ್ತೆ? “ನಮ್ಮನೇಲಿ ಇಳಿಯೋದು ನಮ್ಮೆಜಮಾನ್ರು ಬಡಿಸ್ಕೊಳ್ಳೋದ್ರಿಂದ!” ಅಂತ ಒಬ್ಬರು. ನಾಲ್ಕನೇ ಬ್ಲಾಕು ಅವತ್ತು ಕಾಲೇಜಾಗಿತ್ತು. ಲೆಕ್ಚರರು ಸೈಕಲ್ಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದರು.

ಅರ್ಧ ಗಂಟೆಯ ಮೇಲೆ ನೊರೆಯನ್ನು ಚಮಚದಲ್ಲಿ ತೆಗೆದು ಲ್ಯಾಕ್ಟೋಮೀಟರ್ ಬಿಟ್ಟೆ. ಆ ಹೊತ್ತಿಗೆ ನನ್ನ ಮನಸ್ಸೆಲ್ಲ ಮುನಿಲಕ್ಷ್ಮಮ್ಮನ ಕಡೆ ಇತ್ತು. ನನ್ನ ಪ್ರಯೋಗ ಸೋಲಲಿ ಎಂದು ನಾನೇ ಎಲ್ಲ ದೇವರಿಗೂ ಕೈ ಮುಗಿಯುತ್ತಿದ್ದೆ! ಮೂಢನಂಬಿಕೆ ವಿರುದ್ಧದ ಪ್ರಯೋಗ ಬೇರೆ!

ಕಡ್ಡಿ ಕುಣಿಯಿತು. ನಿಂತಿತು. ಬೆಳ್ಳಗಿನ ಹಾಲಿನ ಮೇಲೆ ಕಪ್ಪಗೆ, ಚೊಕ್ಕವಾಗಿ, ‘ಎಂ’!

“ಬಂತು!” ಅಂತ ಮೊದಲು ಕೂಗಿದವರು ಮೀನಾಕ್ಷಮ್ಮ. ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಮುನಿಲಕ್ಷ್ಮಮ್ಮ ಮಾತ್ರ ಹೊಡೆಯಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕೆಂಪಿಯ ಬೆನ್ನು ತಟ್ಟಿದಳು.

“ತಪ್ಪಾಯ್ತು ಮುನಿಲಕ್ಷ್ಮಮ್ಮ. ನಿಮ್ಮ ಹಾಲು ಚೊಕ್ಕ. ನಾನೇ ಸರಿಯಾಗಿ ಅಳೀಲಿಲ್ಲ,” ಅಂದೆ.

“ಇಲ್ಲಿ ಹೇಳಿದ್ರೆ ಸಾಲ್ದು. ಅವತ್ತು ಮನೆಮನೆಗೂ ಹೋದ್ರಲ್ಲ, ಇವತ್ತೂ ಹೋಗಿ. ಅವತ್ತಿನಷ್ಟೇ ಗಟ್ಟಿಯಾಗಿ ಹೇಳಿ. ನಾನೂ ಬತ್ತೀನಿ, ಕೇಳಿಸ್ಕೊಳಾಕೆ.”

ಹೋದೆ. ಕರುವಿನ ಹಗ್ಗ ನನ್ನ ಕೈಗೆ ಕೊಟ್ಟಳು. ಒಂಬತ್ತು ಮನೆ. ಒಂದೊಂದು ಬಾಗಿಲಲ್ಲೂ ನಾನು ‘ತಪ್ಪು ನನ್ನದು’ ಅಂದೆ, ಪಕ್ಕದಲ್ಲಿ ಕರು ‘ಅಂಬಾ’ ಅಂದಿತು. ಗೌರೀಶಂಕರ ಅವರು ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದರು. ಒಂಬತ್ತು ಮನೆಯವರೂ ಮರುದಿನದಿಂದ ಹಾಲು ಹಾಕು ಅಂದರು. ಕೊನೆಯ ಗೇಟಿನ ಹತ್ತಿರ ಸಾರ್, “ವಾರ್ಷಿಕೋತ್ಸವದಲ್ಲಿ ಓದೋದು ನಿನ್ನ ರಿಪೋರ್ಟೇ. ತಪ್ಪೂ ಸೇರಿಸಿ ಬರೀಬೇಕು, ಒಂದಕ್ಷರ ಬಿಡದೆ,” ಅಂದರು. ಆಗ ನನಗಾದ ಹೆಮ್ಮೆಗೆ ಯಾವ ಮೀಟರೂ ಸಾಲುತ್ತಿರಲಿಲ್ಲ.

ಹೆಮ್ಮೆಯಲ್ಲಿ ತೇಲುತ್ತಿದ್ದವಳನ್ನು ಮುನಿಲಕ್ಷ್ಮಮ್ಮ ನಿಲ್ಲಿಸಿದಳು. “ಕಾತಮ್ಮಾರೇ, ಒಂದು ಕೇಳ್ಲಾ?”

“ಕೇಳಿ ಕೇಳಿ!” ವಿಜ್ಞಾನ ಪ್ರಚಾರ ಅಂದರೆ ಇದೇ ತಾನೆ!

“ತಣ್ಣಗಾದ್ದು ಒತ್ತೊತ್ತಾಗಿ ಕೂತು ಗಟ್ಟಿಯಾಗ್ತದೆ, ಸರಿ. ಲಾಲ್‌ಬಾಗ್ ಗೇಟಿನ ತಾವ ಶರಬತ್ತಿನ ಅಂಗಡೀಲಿ ನೋಡ್ದೆ, ಲೋಟಕ್ಕೆ ಐಸಿನ ಗಡ್ಡೆ ಹಾಕಿದ್ರು. ಐಸು ನೀರಿಗಿಂತ ತಣ್ಣಗಲ್ವಾ? ಗಟ್ಟಿ ಅಲ್ವಾ? ಮತ್ತೆ ಮುಳುಗದೆ ಯಾಕೆ ತೇಲ್ತಿತ್ತು?”

ನಾನು ಸಾರ್ ಮುಖ ನೋಡಿದೆ. ಸಾರ್ ಸೈಕಲ್ ಹತ್ತಿ, “ಒಳ್ಳೇ ಪ್ರಶ್ನೆ! ಕಾತ್ಯಾಯಿನಿ ಹೇಳ್ತಾಳೆ,” ಅಂತ ಬೆಲ್ಲು ಹೊಡೆದುಕೊಂಡು ಹೊರಟೇಹೋದರು.

“ನಾಳೆ ಹೇಳ್ತೀನಿ,” ಅಂದೆ.

ನಾಳೆ ಬಂತು. ಕೆಂಪಿ ನಮ್ಮ ಗೇಟು ದಾಟಿ ಮುಂದೆ ಹೊರಟಿತು! ಅಮ್ಮ ಪಾತ್ರೆ ಹಿಡಿದು ಓಡಿದಳು. “ಮುನಿಲಕ್ಷ್ಮಮ್ಮಾ, ನಮ್ಮನೆ ಹಾಲು?”

“ಐಸ್ ಯಾಕೆ ತೇಲ್ತದೆ ಅಮ್ಮಾವ್ರೇ?”

“ನಂಗೇನು ಗೊತ್ತು?”

“ನಿಮ್ ಮಗಳಿಗೆ ಗೊತ್ತಾದ ದಿನ ಹಾಲು. ಒಂಬತ್ತು ಮನೆಯವ್ರು ಎರಡ್ಮೂರು ದಿನ ನನ್ ಹಾಲು ಬಿಟ್ಟಿದ್ರು. ಒಂದು ಮನೆಯವ್ರು ಬಿಟ್ಟಿರೋಕಾಗಲ್ವಾ?”

ಜಯನಗರಕ್ಕೆ ವಿಜ್ಞಾನ ಬಂತು, ನಮ್ಮ ಮನೆಗೆ ಹಾಲು ಬರಲಿಲ್ಲ! ಕ್ಯಾನಿನವನ ಹಾಲು ತರೋಣವೆಂದರೆ ಭಾನುವಾರದಿಂದ ಅಮ್ಮನಿಗೆ ಅಳೆಯದೆ ಹಾಲು ತೆಗೆದುಕೊಳ್ಳುವುದು ಪಾಪವಾಗಿತ್ತು. ಅಳೆದರೆ ಅವನ ಹಾಲಿನಲ್ಲಿ ಕಡ್ಡಿ ತಳ ಮುಟ್ಟುತ್ತಿತ್ತು. ಅಪ್ಪ ಹಾಲಿಲ್ಲದ ಕಪ್ಪು ಕಾಫಿ ಕುಡಿದು, “ಮಗಳೇ, ರಷ್ಯದವರ ಮನೇಲೂ ಹೀಗೇನಾ?” ಅಂದರು. ನಾನು ಲೈಬ್ರರಿಗೆ ಓಡಿದೆ. ನಾಲ್ಕು ದಿನ ಪುಸ್ತಕದ ಮೇಲೆ ಪುಸ್ತಕ. ಐದನೆಯ ಬೆಳಿಗ್ಗೆ ಗೇಟಿನ ಮುಂದೆ ನಿಂತು, ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

“ನೀರು ತಣ್ಣಗಾಗ್ತಾ ಆಗ್ತಾ ಒಂದು ಮಟ್ಟದವರೆಗೆ ಕುಗ್ಗುತ್ತೆ. ಅದಕ್ಕಿಂತ ತಣ್ಣಗಾದ್ರೆ ತಿರುಗಿ ಹಿಗ್ಗುತ್ತೆ! ಐಸ್ ಆದಾಗ ಇನ್ನೂ ಜಾಸ್ತಿ ಜಾಗ ಹಿಡಿಯುತ್ತೆ. ಅದೇ ತೂಕ, ಜಾಸ್ತಿ ಜಾಗ. ಅದಕ್ಕೇ ಹಗುರ, ಅದಕ್ಕೇ ತೇಲುತ್ತೆ!”

ಮುನಿಲಕ್ಷ್ಮಮ್ಮ ತಲೆಯಾಡಿಸಿದಳು. ಕೆಂಪಿಯನ್ನು ನಿಲ್ಲಿಸಿದಳು. ಕೂತಳು, ಕರೆದಳು. ನಮ್ಮ ಪಾತ್ರೆ ಅರ್ಧ ತುಂಬುತ್ತಿದ್ದಂತೆ ಎದ್ದುಬಿಟ್ಟಳು.

“ಇನ್ನರ್ಧ?”

“ಹಿಗ್ತದೆ ಅಂದ್ರಿ. ಯಾಕೆ ಹಿಗ್ತದೆ ಅನ್ನಲಿಲ್ಲ. ಅರ್ಧ ಉತ್ತರಕ್ಕೆ ಅರ್ಧ ಹಾಲು. ನಾಳೆ ಬತ್ತೀನಿ.”

ನಾನು ಅರ್ಧ ಪಾತ್ರೆ ಹಿಡಿದು ಅಡುಗೆಮನೆಗೆ ಹೋದೆ. ಅಮ್ಮ ಅದನ್ನು ನೋಡಿದಳು, ಜಗುಲಿಯ ಮೇಲೆ ಕಾಯುತ್ತಿದ್ದ ಅಪ್ಪನನ್ನು ನೋಡಿದಳು. ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ, ನನ್ನ ಕಣ್ಣೆದುರಿಗೇ, ಸುರ್ ಅಂತ ಹಾಲಿಗೆ ಸುರಿದಳು!

“ತಾ ನಿನ್ನ ಕಡ್ಡೀನ,” ಅಂದಳು. “ಈಗ ಅಳಿ!”